ಪಾಲಿಸಿ ಹಾಕಿದರೂ ಏಜೆಂಟ್‌ಗೆ ಎಲ್ಲಾ ಸಾಲು ಕಾಣುತ್ತಿದ್ದರೆ
ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ರೋ ಲೆವೆಲ್ ಸೆಕ್ಯುರಿಟಿ (ಯಾರಿಗೆ ಯಾವ ಸಾಲು ಕಾಣಬೇಕು ಅಂತ ತಡೆಯುವ ಸೌಲಭ್ಯ) ಆನ್ ಮಾಡಿ, ಅದರ ನಿಯಮ ಅಂದರೆ ಪಾಲಿಸಿ ಬರೆದರೂ ಎಐ ಏಜೆಂಟ್‌ಗೆ ಎಲ್ಲಾ ಗ್ರಾಹಕರ ಆರ್ಡರ್ ಕಾಣುತ್ತಿದೆ ಅಂದಿದ್ದೀರಿ. ಅದು ಯಾವ ಯೂಸರ್ ಆಗಿ ಲಾಗಿನ್ ಆಗುತ್ತಿದೆ, ಮೊದಲು ನೋಡಿ. ಟೇಬಲ್‌ನ ಓನರ್ ಆಗಿದ್ದರೆ, 'ಫೋರ್ಸ್' (ಓನರ್‌ಗೂ ಪಾಲಿಸಿ ತಾಗಿಸುವ ಸೆಟ್ಟಿಂಗ್) ಹಾಕದ ಹೊರತು ಪಾಲಿಸಿ ತಾಗುವುದೇ ಇಲ್ಲ. ಎಲ್ಲಾ ಅಧಿಕಾರ ಇರುವ ಸೂಪರ್‌ಯೂಸರ್‌ಗೆ ಫೋರ್ಸ್ ಕೂಡ ಲೆಕ್ಕಕ್ಕಿಲ್ಲ. ಏಜೆಂಟ್‌ಗೆ ಬೇರೆ ರೋಲ್ (ಡೇಟಾಬೇಸ್ ಯೂಸರ್) ಮಾಡಿ, ಬೇಕಾದ ಟೇಬಲ್‌ಗಳಿಗೆ ಸೆಲೆಕ್ಟ್, ಅಂದರೆ ಓದುವ ಅನುಮತಿ, ಮಾತ್ರ ಕೊಡಿ. ವ್ಯೂ (ಟೇಬಲ್‌ನಂತೆ ಬಳಸುವ, ಉಳಿಸಿಟ್ಟ ಕ್ವೆರಿ) ಇದ್ದರೆ, 15ನೇ ಆವೃತ್ತಿಯಿಂದ ಬಂದ ಸೆಕ್ಯುರಿಟಿ ಇನ್ವೋಕರ್ ಆನ್ ಮಾಡಿ; ಆಗ ವ್ಯೂ ಓನರ್‌ದಲ್ಲ, ಅದನ್ನು ಓದುವವರ ಪಾಲಿಸಿ ತಾಗುತ್ತದೆ.

ನನಗೆ ಜಾಸ್ತಿ ಭಯ ಬೇರೆಯದು. ನಿಮ್ಮ ಪಾಲಿಸಿ ಸೆಷನ್‌ನಲ್ಲಿ (ಡೇಟಾಬೇಸ್ ಜೊತೆಗಿನ ಆ ಸಂಪರ್ಕದಲ್ಲಿ) ಸೆಟ್ ಮಾಡಿದ ಗ್ರಾಹಕರ ಐಡಿಯನ್ನು ನಂಬುತ್ತದೆ, ಅಲ್ವಾ? ಏಜೆಂಟ್ ತಾನೇ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಕೊಡುವ ಆಜ್ಞೆ) ಬರೆಯುವುದಾದರೆ ಆ ಐಡಿಯನ್ನೂ ತಾನೇ ಬದಲಿಸಬಹುದು. ಪ್ರಾಂಪ್ಟ್‌ನಲ್ಲಿ ಸುಮ್ನೆ 'ಬದಲಿಸಬೇಡ' ಅಂದರೆ ಸಾಲದು. ಪ್ರತಿ ಗ್ರಾಹಕರಿಗೂ ಒಂದು ಲಾಗಿನ್ ರೋಲ್ ಇಟ್ಟು, ಪಾಲಿಸಿಯಲ್ಲಿ ಅದನ್ನೇ ಪರೀಕ್ಷಿಸಿ.