ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಪೆಲ್ಲೊದ ಬೀದಿಗಳಲ್ಲಿ ಹೂವಿನ ಹಾಸು

ಪ್ರಶ್ನೆ: ಇಟಲಿಯ ಬೆಟ್ಟದ ಊರೊಂದರಲ್ಲಿ ರಾತ್ರಿಯಿಡೀ ಕುಳಿತು ಬೀದಿಗೆ ಹೂವಿನ ಚಿತ್ರ ಹಾಸುತ್ತಾರೆ, ಬೆಳಗಾದ ಮೇಲೆ ಅದರ ಮೇಲೆಯೇ ಮೆರವಣಿಗೆ ಹೋಗುತ್ತದೆ ಎಂದು ಕೇಳಿದ್ದೇನೆ. ಇದು ಯಾವ ಹಬ್ಬ? ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ತುಳಿಯುವುದೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಕೇಳಿರುವುದು ಉಂಬ್ರಿಯಾ ಪ್ರಾಂತ್ಯದ ಸ್ಪೆಲ್ಲೊ ಎಂಬ ಊರಿನ ವಿಷಯವಿರಬೇಕು. ಅಸ್ಸಿಸಿಗೆ ಸಮೀಪದಲ್ಲಿ, ಸುಬಾಸಿಯೊ ಪರ್ವತದ ಇಳಿಜಾರಿಗೆ ಅಂಟಿಕೊಂಡಂತಿರುವ ಈ ಪುಟ್ಟ ಊರಿಗೆ ರೋಮನ್ನರ ಕಾಲದ ಕೋಟೆಬಾಗಿಲುಗಳಿವೆ; ಏರುಬೀದಿಗಳೆಲ್ಲ ಕಲ್ಲುಹಾಸಿನವು. ಹಬ್ಬವೆಂದರೆ ಪರಮಪ್ರಸಾದದ ಮಹೋತ್ಸವ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು (ಅದೇ ಪರಮಪ್ರಸಾದ) ಕ್ರಿಸ್ತರ ದೇಹವೆಂದು ನಂಬಿ ಆರಾಧಿಸುವ ದಿನ. ಈಗಿನ ಬೆಲ್ಜಿಯಂನ ಲಿಯೇಜ್ ನಗರದ ಸನ್ಯಾಸಿನಿ ಜೂಲಿಯಾನಾ ಇಂಥದೊಂದು ಹಬ್ಬ ಬೇಕೆಂದು ಬಹುಕಾಲ ಒತ್ತಾಯಿಸಿದ್ದರು. ಹಿಂದೆ ಅದೇ ಲಿಯೇಜ್‌ನಲ್ಲಿ ಸೇವೆ ಸಲ್ಲಿಸಿದ್ದ ನಾಲ್ಕನೆಯ ಅರ್ಬನ್ ಜಗದ್ಗುರುಗಳಾದ (ಅಂದರೆ ಪೋಪ್ ಆದ) ಮೇಲೆ, 1264ರಲ್ಲಿ, ಇದನ್ನು ಇಡೀ ಕಥೋಲಿಕ ಧರ್ಮಸಭೆಗೆ ವಿಧಿಸಿದರು. ಆ ಆಜ್ಞೆ ಹೊರಟಾಗ ಅವರು ವಾಸವಾಗಿದ್ದದ್ದು ಉಂಬ್ರಿಯಾದ್ದೇ ಆದ ಒರ್ವಿಯೆತೊ ನಗರದಲ್ಲಿ. ಹಾಗಾಗಿ ಈ ಸೀಮೆಯವರಿಗೆ ಇದು ತಮ್ಮ ನೆಲದ ಹಬ್ಬವೆಂಬ ಅಭಿಮಾನವಿದ್ದರೆ ಅಚ್ಚರಿಯಿಲ್ಲ.

ಇನ್ನು ತುಳಿಯುವ ಮಾತು. ಆ ದಿನ ಪರಮಪ್ರಸಾದವನ್ನು ಪ್ರಭಾಪಾತ್ರೆಯಲ್ಲಿ, ಅಂದರೆ ಅದನ್ನು ಎಲ್ಲರಿಗೂ ಕಾಣುವಂತೆ ಇರಿಸುವ ಪಾತ್ರೆಯಲ್ಲಿ, ಬೀದಿಗೆ ತರುತ್ತಾರೆ, ಹೂವು ಹಾಸುವುದು ಅದರ ದಾರಿಗೆ. ಹಾಸಿನ ಮೇಲೆ ಯಾರೂ ಕಾಲಿಡದಂತೆ ರಾತ್ರಿಯಿಡೀ ಕಾಯುವ ಜನರೇ ಬೆಳಿಗ್ಗೆ ಪಕ್ಕಕ್ಕೆ ಸರಿದು ಮೆರವಣಿಗೆಗೆ ದಾರಿ ಬಿಡುತ್ತಾರೆ. ನಡೆಯುವುದಕ್ಕೆಂದೇ ಮಾಡಿದ ಹಾಸು ನಡಿಗೆಯಿಂದ ಕೆಟ್ಟಿತೆಂದು ಅವರು ಎಣಿಸುವುದಿಲ್ಲ. ಮಳೆ ಬಂದು ಮೆರವಣಿಗೆಗೆ ಮೊದಲೇ ಕೊಚ್ಚಿಹೋದರೆ ಮಾತ್ರ ಅದು ನಿಜವಾದ ನಷ್ಟ.

ಪ್ರಶ್ನೆ: ಅಷ್ಟೊಂದು ಹೂವು ಎಲ್ಲಿಂದ ಬರುತ್ತದೆ? ಬಣ್ಣದ ಪುಡಿಯನ್ನೂ ಬಳಸುತ್ತಾರೆಯೇ?
– ಗೃಹಿಣಿಯೊಬ್ಬರು, ತುಮಕೂರು

ಉತ್ತರ: ಬಣ್ಣದ ಪುಡಿಗೆ ಅಲ್ಲಿ ಅವಕಾಶವೇ ಇಲ್ಲ. ಹೂವು, ಎಲೆ, ಕಾಯಿ, ಹೀಗೆ ಗಿಡದಿಂದ ಬಂದದ್ದನ್ನು ಹಸಿಯಾಗಿಯೋ ಒಣಗಿಸಿಯೋ ಬಳಸಬೇಕೆಂಬುದು ಸ್ಪೆಲ್ಲೊದ ಕಟ್ಟುನಿಟ್ಟಾದ ನಿಯಮ. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ದಾರಿಯಲ್ಲಿ ಹತ್ತಾರು ತಂಡಗಳು ಬೇರೆಬೇರೆ ಹಾಸುಗಳನ್ನು ಮಾಡುವುದರಿಂದ ಹೂವಿನ ಕೆಲಸ ಹಬ್ಬದ ಹಿಂದಿನ ದಿನ ಶುರುವಾದರೆ ಮುಗಿಯುವುದಿಲ್ಲ, ತಿಂಗಳುಗಳ ಮೊದಲೇ ಶುರುವಾಗಿರುತ್ತದೆ. ವಸಂತದಲ್ಲಿ ಸುಬಾಸಿಯೊದ ಹುಲ್ಲುಗಾವಲಿನಲ್ಲೂ ಹೊಲದ ಬದುಗಳಲ್ಲೂ ಅರಳುವುದನ್ನು ಆಯಾ ಹೊತ್ತಿಗೆ ಕೊಯ್ದು ತರಬೇಕು, ಏಕೆಂದರೆ ಹಬ್ಬದ ತಾರೀಕಿಗಾಗಿ ಯಾವ ಹೂವೂ ಕಾಯುವುದಿಲ್ಲ. ಹಳದಿಗೆ ಜಿನೆಸ್ತ್ರವೆಂಬ ಪೊದೆಯ ಹೂವಿದೆ, ಕೆಂಪಿಗೆ ಗಸಗಸೆಯ ಬಳಗಕ್ಕೆ ಸೇರಿದ ಪಾಪಿ ಇದೆ, ಹಸಿರಿಗೆ ನುಣ್ಣಗೆ ಹೆಚ್ಚಿದ ಕಾಡುಸೋಂಪಿನ ಎಲೆಯಿದೆ. ಈ ಸೋಂಪಿನ ಘಮವೇ ಆ ರಾತ್ರಿ ಬೀದಿಗಳನ್ನೆಲ್ಲ ತುಂಬಿರುತ್ತದೆ.

ತಂದ ಹೂವಿನಿಂದ ಎಸಳು ಬಿಡಿಸುವುದು, ಬಣ್ಣದ ಛಾಯೆಗೆ ತಕ್ಕಂತೆ ಬೇರ್ಪಡಿಸುವುದು ಹೆಚ್ಚು ತಾಳ್ಮೆ ಬೇಡುವ ಕೆಲಸ. ಊರಿನ ಹಿರಿಯರೂ ಮಕ್ಕಳೂ ಬುಟ್ಟಿಗಳ ಸುತ್ತ ಗುಂಪಾಗಿ ಕುಳಿತು ಇದನ್ನು ಮಾಡುತ್ತಾರೆ. ಬೇಗ ಅರಳಿದವನ್ನು ಒಣಗಿಸಿಟ್ಟು, ಕೆಲವನ್ನು ಪುಡಿ ಮಾಡಿಕೊಂಡು, ಮುಖದ ನೆರಳು, ಬಟ್ಟೆಯ ನೆರಿಗೆ ಮುಂತಾದ ಸೂಕ್ಷ್ಮಗಳಿಗೆ ಬಳಸುತ್ತಾರೆ. ಶನಿವಾರ ಬೀದಿಗೆ ಚಪ್ಪರದಂಥ ಹೊದಿಕೆ ಕಟ್ಟಿ, ಚಿತ್ರದ ಗೆರೆಗಳನ್ನು ಸಿದ್ಧಮಾಡಿಕೊಂಡು, ಮೊಣಕಾಲೂರಿ ಬೆಳಗಿನವರೆಗೂ ತುಂಬುತ್ತಾರೆ. ಗಾಳಿಗೆ ಎಸಳು ಹಾರದಿರಲೆಂದು ಆಗಾಗ ನೀರು ಚಿಮುಕಿಸುತ್ತಾರೆ. ಭಾನುವಾರ ಬೆಳಿಗ್ಗೆ ತೀರ್ಪುಗಾರರು ಬಂದು ನೋಡುತ್ತಾರೆ, ಬಹುಮಾನವೂ ಇದೆ. ಸ್ಪರ್ಧೆಯಿಂದ ಕೌಶಲ ಬೆಳೆದಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಪುಡಿ ಮಾಡಿದ ಎಸಳಿನಿಂದ ತೈಲಚಿತ್ರದ ಪ್ರತಿಯನ್ನೇ ತೆಗೆಯಹೊರಟಾಗ ಹೂವು ಹೂವಾಗಿ ಕಾಣುವುದು ನಿಂತುಹೋಗುತ್ತದೆ. ನನ್ನ ಮಟ್ಟಿಗೆ, ಎಸಳು ಎಸಳಾಗಿಯೇ ಉಳಿದಿರುವ ಸರಳ ವಿನ್ಯಾಸಗಳೇ ಹೆಚ್ಚು ಚೆನ್ನ.

ಪ್ರಶ್ನೆ: ಈ ಪದ್ಧತಿ ಸ್ಪೆಲ್ಲೊದಲ್ಲೇ ಹುಟ್ಟಿದ್ದೇ? ಬೇರೆ ದೇಶಗಳಲ್ಲೂ ಇದೆಯೇ?
– ವಿದ್ಯಾರ್ಥಿಯೊಬ್ಬರು, ಧಾರವಾಡ

ಉತ್ತರ: ಇಲ್ಲ, ಬೇರು ರೋಮಿನಲ್ಲಿದೆ. ವ್ಯಾಟಿಕನ್ನಿನ ಹೂವಿನ ವಿಭಾಗ ನೋಡಿಕೊಳ್ಳುತ್ತಿದ್ದ ಬೆನೆದೆತ್ತೊ ದ್ರೇಯಿ 1625ರ ಜೂನ್ 29ರಂದು, ಸಂತ ಪೇತ್ರ ಮತ್ತು ಪೌಲರ ಹಬ್ಬಕ್ಕೆ, ಹೂವಿನಿಂದ ಚಿತ್ರ ರಚಿಸಿದನೆಂದು ಹೇಳುತ್ತಾರೆ. ಅಲ್ಲಿಂದ ಅದು ಸುತ್ತಲಿನ ಬೆಟ್ಟದ ಊರುಗಳಿಗೆ ಇಳಿಯಿತು. ಜೆನ್ಸಾನೊದಲ್ಲಿ ಇದು ಆರಂಭವಾದದ್ದು 1778ರಲ್ಲಿ.

ಇಟಲಿಯ ಹೊರಗೆ ನೋಡಬೇಕಾದದ್ದು ಸ್ಪೇನಿಗೆ ಸೇರಿದ ಟೆನರಿಫ್ ದ್ವೀಪದ ಲಾ ಒರೊತಾವ. ಅಲ್ಲಿ 1847ರಲ್ಲಿ ಮೊಂತೆವೆರ್ದೆ ಮನೆತನದವರು ತಮ್ಮ ಮನೆಯ ಮುಂದೆ ಮೆರವಣಿಗೆಗಾಗಿ ಮೊದಲ ಹಾಸು ಹಾಕಿದರು, ಕ್ರಮೇಣ ಉಳಿದ ಬೀದಿಗಳೂ ಅನುಸರಿಸಿದವು. ಹೂವಿನಲ್ಲಿ ಸಿಗದ ಕಂದು, ಕಪ್ಪು ಬಣ್ಣಗಳಿಗೆ ಅವರು ಬ್ರೆಸೊ ಎಂಬ ಗಿಡದ ಸೊಪ್ಪನ್ನು ಹೆಚ್ಚಿ ಹುರಿಯುತ್ತಾರೆ. ಹುರಿದಷ್ಟೂ ಬಣ್ಣ ಗಾಢವಾಗುತ್ತದೆ. ಪುರಭವನದ ಮುಂದಿನ ಚೌಕದಲ್ಲಂತೂ ತೇಯ್ದೆ ಜ್ವಾಲಾಮುಖಿಯ ಬಗೆಬಗೆಯ ಬಣ್ಣದ ಮಣ್ಣುಮರಳಿನಿಂದಲೇ ಭಾರಿ ಚಿತ್ರವೊಂದನ್ನು ಬಿಡಿಸುತ್ತಾರೆ, ಅದಕ್ಕೆ ವಾರಗಟ್ಟಲೆ ಬೇಕು. ಪೋಲೆಂಡಿನ ಸ್ಪಿಚಿಮೆಶ್ ಮತ್ತಿತರ ಹಳ್ಳಿಗಳ ಇದೇ ಪದ್ಧತಿ 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ.

ಪ್ರಶ್ನೆ: ನಮ್ಮ ಮೊಂತಿ ಹಬ್ಬದಲ್ಲಿ ಮಕ್ಕಳು ಹೂವು ಹಾಕುವುದಕ್ಕೂ ಇದಕ್ಕೂ ಸಂಬಂಧವಿದೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಎರಡೂ ಕಥೋಲಿಕ ಭಕ್ತಿಯ ರೂಪಗಳು ಎಂಬಷ್ಟರ ಮಟ್ಟಿಗೆ ಇದೆ, ಅದಕ್ಕಿಂತ ಹತ್ತಿರದ ನಂಟು ಹುಡುಕಬೇಕಾಗಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬ ಮಾತೆ ಮರಿಯಮ್ಮನವರ ಜನ್ಮದಿನ. ಒಂಬತ್ತು ದಿನದ ನೊವೇನಾ ಪ್ರಾರ್ಥನೆಯಲ್ಲಿ ಮಕ್ಕಳು ಅರ್ಪಿಸುವ ಹೂವು ಬಾಲಮರಿಯಮ್ಮನ ಪ್ರತಿಮೆಗೆ, ಜೊತೆಗೆ ಹೊಸ ತೆನೆಯ ಆಶೀರ್ವಾದವೂ ನಡೆಯುತ್ತದೆ. ಸ್ಪೆಲ್ಲೊದಲ್ಲಿ ಹೂವು ಬೀಳುವುದು ದಾರಿಗೆ, ಅದೂ ಚಿತ್ರವಾಗಿ.

ಪ್ರಶ್ನೆ: ನೋಡಲು ಹೋಗುವುದಾದರೆ ಯಾವಾಗ?
– ನಿವೃತ್ತ ಶಿಕ್ಷಕರೊಬ್ಬರು, ಮೈಸೂರು

ಉತ್ತರ: ತಾರೀಕು ಈಸ್ಟರ್ ಹಬ್ಬವನ್ನು ಹಿಂಬಾಲಿಸುತ್ತದೆ. ಈಸ್ಟರ್ ಕಳೆದು 60ನೆಯ ದಿನ ಬರುವ ಗುರುವಾರ ಮೂಲ ಹಬ್ಬ. ಇಟಲಿಯಲ್ಲಿ ಅದನ್ನು ಮುಂದಿನ ಭಾನುವಾರ ಆಚರಿಸುತ್ತಾರೆ. ಈ ಲೆಕ್ಕದಲ್ಲಿ 2027ರ ಹಬ್ಬ ಮೇ 30ಕ್ಕೆ ಬೀಳುತ್ತದೆ. ಭಾನುವಾರ ಮಧ್ಯಾಹ್ನ ತಲುಪಿದವರಿಗೆ ಕದಡಿದ ಎಸಳುಗಳಷ್ಟೇ ಸಿಕ್ಕೀತು, ಆದ್ದರಿಂದ ಶನಿವಾರ ಸಂಜೆಯೇ ಊರು ಸೇರಿ, ಕೆಲಸ ನಡೆಯುವುದನ್ನು ರಾತ್ರಿ ಸುತ್ತಾಡಿ ನೋಡಿ. ಊರಿಗೆ ರೈಲು ನಿಲ್ದಾಣವಿದೆ, ಆದರೆ ಬೀದಿಗಳು ಕಡಿದಾದ ಏರು. ಮಂಡಿನೋವಿರುವವರು ಊರುಗೋಲು ಒಯ್ಯುವುದು ಒಳಿತು. ಸಮಯ ಉಳಿದರೆ ಸಾಂತಾ ಮರಿಯಾ ಮಜ್ಜೋರೆ ಚರ್ಚಿನಲ್ಲಿ ಚಿತ್ರಕಾರ ಪಿಂತುರಿಕ್ಕಿಯೊ 1501ರಲ್ಲಿ ಮುಗಿಸಿದ ಭಿತ್ತಿಚಿತ್ರಗಳನ್ನೂ ನೋಡಿಬನ್ನಿ.