ನೆರಿಗೆ ಹಿಂದಕ್ಕೆ ಹೋದ ಕಥೆ

ವಿರಾಜಪೇಟೆಯಿಂದ ಓದುಗರೊಬ್ಬರ ಪತ್ರ: "ನಾನು ಹುಬ್ಬಳ್ಳಿ ಕಡೆಯವಳು, ಎರಡು ವರ್ಷದಿಂದ ಇಲ್ಲಿ ಟೀಚರ್. ಜೊತೆಯಲ್ಲಿ ಕೆಲಸ ಮಾಡುವವಳ ಮದುವೆಗೆಂದು ಅಂಗಡಿಯಲ್ಲಿ 'ಒರಿಜಿನಲ್ ಕೊಡಗು ಸೀರೆ' ಕೇಳಿ, ಜಾಸ್ತಿ ದುಡ್ಡು ಕೊಟ್ಟು ಕೆಂಪು ರೇಷ್ಮೆ ತಂದೆ. ಮದುಮಗಳ ತಾಯಿ ನೋಡಿ ನಕ್ಕರು, 'ಇದು ಕಂಚಿ ಅಲ್ವಾ' ಅಂದರು. ಹಾಗಾದರೆ ಕೊಡಗು ಸೀರೆ ಯಾವುದು? ನೆರಿಗೆ ಹಿಂದೆ ಯಾಕೆ? ಕೊಡವರಲ್ಲದ ನಾನು ಹಾಗೆ ಉಡಬಹುದಾ?"

ಟೀಚರ್, ಮೊದಲು ಸೀರೆಯ ಮೇಲಿನ ಕೋಪ ಬಿಡಿ. ಅದರದ್ದೇನೂ ತಪ್ಪಿಲ್ಲ. ಅಂಗಡಿಯವರು ಸೇರಿಸಿದ ಹೆಸರಿನದ್ದಷ್ಟೇ ತಪ್ಪು. ಇಳಕಲ್, ಮೊಳಕಾಲ್ಮೂರಿನ ಹಾಗೆ ಸೀರೆಗೆ ಹೆಸರಾದ ಊರು ನಮ್ಮ ಕೊಡಗಿನಲ್ಲಿ ಇಲ್ಲ. ಇಲ್ಲಿನ ಮದುವೆಗಳಲ್ಲಿ ನೀವು ನೋಡುವ ರೇಷ್ಮೆಯೆಲ್ಲ ಕಂಚಿಯದು, ಮೈಸೂರಿನದು, ಬನಾರಸಿನದು. ಘಾಟಿ ಹತ್ತಿ ಬಂದದ್ದೇ. ಕೊಡವರದ್ದು ಅನ್ನುವುದು ಉಡುವ ರೀತಿ. ಅದನ್ನು ಯಾವ ಅಂಗಡಿಯವರೂ ಮಡಿಸಿ ಕವರಿಗೆ ಹಾಕಿ ಕೊಡಲಾರರು.

ಆ ತಾಯಿಗೆ ಕಂಚಿ ಅಂತ ಹೇಗೆ ಗೊತ್ತಾಯಿತು ಅಂದರೆ, ಬಹುಶಃ ಅಂಚಿನಿಂದ. ಒಡಲಿನ ಬಣ್ಣ ಒಂದು, ಅಂಚಿನ ಬಣ್ಣ ಇನ್ನೊಂದು ಇದ್ದರೆ ಅಲ್ಲಿನ ನೇಕಾರರು ಮೂರು ಲಾಳಿ ಓಡಿಸಿ ಎರಡನ್ನೂ ಹೆಣೆಯುತ್ತಾರೆ. ನಿಮ್ಮ ಇಳಕಲ್ಲಿನಲ್ಲೂ ಇಂಥದ್ದೊಂದು ಜಾಣತನ ಇದೆಯಲ್ಲ, ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆ, ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದು. ಮೈಸೂರು ಸಿಲ್ಕ್ ಇವೆರಡಕ್ಕಿಂತ ಚಿಕ್ಕ ವಯಸ್ಸಿನದು, ಕಾರ್ಖಾನೆ ಶುರುವಾದದ್ದೇ 1912ರಲ್ಲಿ.

ಈಗ ನೆರಿಗೆ. ಕಥೆ ನಿಮಗೂ ಯಾರಾದರೂ ಹೇಳಿರುತ್ತಾರೆ. ಅಗಸ್ತ್ಯರ ಮೇಲೆ ಮುನಿಸಿಕೊಂಡ ಕಾವೇರಿ ನೀರಾಗಿ ಹರಿದು ಹೊರಟಳು, ಕೊಡಗಿನ ಬಲಮುರಿಯಲ್ಲಿ ಕೊಡವರು ಅಡ್ಡ ನಿಂತರು, ನೀರಿನ ರಭಸಕ್ಕೆ ಹೆಂಗಸರ ಮುಂದಿನ ನೆರಿಗೆ ಹಿಂದಕ್ಕೆ ಹೋಯಿತು, ಅಲ್ಲಿಂದ ಹಾಗೇ ಉಳಿಯಿತು. ನನಗೆ ಈ ಕಥೆ ಬಹಳ ಇಷ್ಟ. ನಿಜವಾ ಅಂತ ಕೇಳಿದರೆ, ತಮಿಳುನಾಡಿನಲ್ಲೂ ನೆರಿಗೆ ಹಿಂದೆ ಬರುವ 'ಪಿನ್ ಕೊಸುವಂ' ಅನ್ನುವ ಉಡುಗೆ ಇದೆ, ಅದಕ್ಕೆ ಬಲಮುರಿಯ ಹಂಗಿಲ್ಲ. ಏರು ಹತ್ತಿ, ಗದ್ದೆಗೆ ಇಳಿದು ಕೆಲಸ ಮಾಡುವ ಹೆಂಗಸಿಗೆ ಕಾಲಿಗೆ ತೊಡರುವ ನೆರಿಗೆ ಮುಂದೆ ಇಲ್ಲದಿದ್ದರೇ ಅನುಕೂಲ ಅಂತ ನನ್ನ ಲೆಕ್ಕ. ಸೆರಗೂ ಅಷ್ಟೇ: ಎಡ ತೋಳಿನ ಕೆಳಗಿಂದ ಎದೆಯ ಮೇಲೆ ತಂದು ಬಲ ಹೆಗಲಿಗೆ ಸಿಕ್ಕಿಸಿದರೆ ಮುಗಿಯಿತು, ಬಾಗಿದಾಗಲೆಲ್ಲ ಜಾರುವ ಉದ್ದ ಸೆರಗಿನ ಕಾಟ ಇಲ್ಲ. ನಿಮ್ಮ ಕಡೆಯ ಅಜ್ಜಿಯರು ಹದಿನೆಂಟು ಮೊಳದ ಸೀರೆಗೆ ಕಚ್ಚೆ ಹಾಕಿದ್ದು ಇನ್ನೇತಕ್ಕೆ? ಅವರೂ ಹೊಲಕ್ಕೆ ಹೋಗಬೇಕಿತ್ತು.

ನಾವು ಈಗ 'ಮಾಮೂಲಿ' ಅಂದುಕೊಂಡಿರುವ ಉಡುಗೆ ಇದೆಯಲ್ಲ, ಮುಂದೆ ನೆರಿಗೆ, ಎಡ ಹೆಗಲ ಮೇಲೆ ಸೆರಗು, ಒಳಗೆ ಲಂಗ, ಮೇಲೆ ಹೊಲಿದ ರವಿಕೆ, ಅದು ಎಲ್ಲ ಕಡೆ ಹರಡಿದ್ದು ಈಚೆಗೆ. ಆಂಧ್ರದ ಕಡೆಯ ನಿವಿ ಉಡುಗೆ ಅದರ ಮೂಲ. 1860ರ ದಶಕದಲ್ಲಿ ಠಾಕೂರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ ಬೊಂಬಾಯಿಗೆ ಹೋಗಿ, ಪಾರ್ಸಿ ಹೆಂಗಸರನ್ನು ನೋಡಿ, ಸೀರೆಗೆ ರವಿಕೆ ಲಂಗ ಜೋಡಿಸಿ ಬಂಗಾಳದಲ್ಲಿ ಹೊಸ ರೂಢಿ ತಂದರು. ಮುಂದೆ ರವಿವರ್ಮನ ಚಿತ್ರಗಳು ಅಚ್ಚಾಗಿ ಮನೆಮನೆಯ ಗೋಡೆಗೆ ಬಂದವು, ಲಕ್ಷ್ಮಿ ಸರಸ್ವತಿಯರೂ ಸೀರೆ ಉಟ್ಟು ನಿಂತರು. ದೇಶದಲ್ಲಿ ಸೀರೆ ಉಡುವ ಬಗೆ 80ಕ್ಕೂ ಜಾಸ್ತಿ ಇದ್ದವು. ಈಗ ಅವುಗಳಲ್ಲಿ ಎಷ್ಟೋ ಮದುವೆ ಫೋಟೋಗೆ ಮಾತ್ರ ಉಳಿದಿವೆ. ಕೊಡವರದ್ದೂ ದಿನಬಳಕೆಯಿಂದ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿದೆ, ಆದರೆ ಮದುವೆಯಲ್ಲಿ, ಹಬ್ಬದಲ್ಲಿ ಗಟ್ಟಿಯಾಗಿ ನಿಂತಿದೆ. ಜಿಪ್ ಹಾಕಿ ಹೊಲಿದ ರೆಡಿಮೇಡ್ ಕೂಡ ಬಂದಿದೆ. ನನಗೆ ಅದು ಹಿಡಿಸುವುದಿಲ್ಲ, ಆದರೆ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದು ಬೆಳಗ್ಗೆ ಮುಹೂರ್ತಕ್ಕೆ ಓಡುವ ಹುಡುಗಿಗೆ ಬೈಯ್ಯುವ ಧೈರ್ಯವೂ ಇಲ್ಲ.

ನೀವು ಉಡಬಹುದಾ? ಧಾರಾಳವಾಗಿ. ಯಾರೂ ಬೇಡ ಅನ್ನುವುದಿಲ್ಲ, ಉಡಿಸಿಕೊಡಲು ಮೂರು ಜನ ಎದ್ದು ಬರುತ್ತಾರೆ. ತಲೆಗೆ ಕಟ್ಟುವ ವಸ್ತ್ರ ಮಾತ್ರ ಮದುವೆಯಾದ ಕೊಡವ ಹೆಂಗಸರ ಗುರುತು, ಅವರಾಗಿ ಕಟ್ಟಿದರೆ ಸರಿ, ನೀವಾಗಿ ಕೇಳಬೇಡಿ. ಸೀರೆಗೆ ಇಲ್ಲಿ 'ಪೊಡಿಯ' ಅನ್ನುತ್ತಾರೆ, ಆ ಒಂದು ಮಾತು ಕಲಿತು ಹೋಗಿ, ಖುಷಿಪಡುತ್ತಾರೆ.

ಕಂಚಿ ಸೀರೆಯನ್ನು ಒಳಗಿಡಬೇಡಿ. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣ ಬರುತ್ತದೆ. ತಲಕಾವೇರಿಯಲ್ಲಿ ತೀರ್ಥ ಉಕ್ಕಿದ ಮೇಲೆ ಮನೆಗಳಲ್ಲಿ ಕಣಿ ಪೂಜೆ. ಒಂದು ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಪತ್ತಾಕ್ ಅನ್ನುವ ಕೊರಳ ಒಡವೆ ಹಾಕಿ, ಹೂ ಮುಡಿಸಿ ಕಾವೇರಿ ಅಂತ ಕೂರಿಸುತ್ತಾರೆ. ಆ ರೇಷ್ಮೆ ಯಾವ ಊರಿನದು ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ. ಮದುಮಗಳ ತಾಯಿಯ ಮನೆಗೆ ಆವತ್ತು ಹೋಗಿ ಬನ್ನಿ, ಅದೇ ಸೀರೆ ಉಟ್ಟು. ಪಿನ್ನು ಮಾತ್ರ ಜರಿಗೆ ಚುಚ್ಚಬೇಡಿ, ಒಳಗಿನ ಬಟ್ಟೆ ಸೇರಿಸಿ ಹಾಕಿ.