ಡೈರೆಕ್ಟ್ ಡೆಬಿಟ್ ತಪ್ಪಾಗಿ ಹೋದರೆ ಮೊದಲು ಕೇಳಬೇಕಾದದ್ದು ಬ್ಯಾಂಕನ್ನು

ನಮಸ್ಕಾರ. ಗಾಬರಿ ಬೇಡ, ಇದಕ್ಕೆ ದಾರಿ ಇದೆ. ಲೆಸ್ಟರ್‌ಗೆ ಬಂದು ನಾಲ್ಕು ತಿಂಗಳಾಗಿದೆ, ಕರೆಂಟು-ಗ್ಯಾಸಿಗೆ ತಿಂಗಳಿಗೆ 96 ಪೌಂಡ್ ಹೋಗುತ್ತಿತ್ತು, ಈ ಸಲ ಇದ್ದಕ್ಕಿದ್ದಂತೆ 412 ಪೌಂಡ್ ಎಳೆದುಕೊಂಡಿದ್ದಾರೆ, ವಾರದೊಳಗೆ ಬಾಡಿಗೆ ಕಟ್ಟಬೇಕು, ಕಂಪನಿಗೆ ಫೋನ್ ಮಾಡಿದರೆ ಮುಂದಿನ ಬಿಲ್ಲಿನಲ್ಲಿ ಸರಿಹೋಗುತ್ತದೆ ಅಂತಾರೆ, ಡೈರೆಕ್ಟ್ ಡೆಬಿಟ್ಟನ್ನೇ (ಕಂಪನಿ ತಾನೇ ನಿಮ್ಮ ಖಾತೆಯಿಂದ ಹಣ ತೆಗೆದುಕೊಳ್ಳಲು ಕೊಟ್ಟ ಒಪ್ಪಿಗೆಯನ್ನೇ) ರದ್ದು ಮಾಡಿಬಿಡಲಾ ಅಂತ ಕೇಳಿದ್ದೀರಿ. ಈಗಲೇ ರದ್ದು ಮಾಡಬೇಡಿ. ಯಾಕೆ ಅಂತ ಮುಂದೆ ಬರೆದಿದ್ದೇನೆ.

ಬ್ರಿಟನ್ನಿನಲ್ಲಿ ಡೈರೆಕ್ಟ್ ಡೆಬಿಟ್ ಗ್ಯಾರಂಟಿ ಅಂತ ಒಂದಿದೆ. ಹೊಸದಾಗಿ ಬಂದವರಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ, ಫಾರಂ ತುಂಬುವಾಗ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ನಾವು ಓದದೆ ಮುಂದೆ ಹೋಗಿರುತ್ತೇವೆ. ಅದರ ತಿರುಳು ಇಷ್ಟು: ಹಣ ತೆಗೆಯುವುದರಲ್ಲಿ ತಪ್ಪಾದರೆ, ತಪ್ಪು ಕಂಪನಿಯದ್ದಾಗಿರಲಿ ಬ್ಯಾಂಕಿನದ್ದಾಗಿರಲಿ, ನಿಮ್ಮ ಬ್ಯಾಂಕೇ ನಿಮಗೆ ಪೂರ್ತಿ ಹಣವನ್ನು ತಕ್ಷಣ ವಾಪಸ್ ಕೊಡಬೇಕು. ಕಂಪನಿಯಿಂದ ವಸೂಲಿ ಮಾಡಿಕೊಳ್ಳುವುದು ಬ್ಯಾಂಕಿನ ತಲೆನೋವು. ಕಂಪನಿಯವರು ಒಪ್ಪುವವರೆಗೆ ನೀವು ಕಾಯಬೇಕಾಗಿಲ್ಲ.

ಊರಲ್ಲಿ ಸಾಲದ ಕಂತಿಗೆ ನ್ಯಾಚ್ ಮ್ಯಾಂಡೇಟ್ (ಖಾತೆಯಿಂದ ಕಂತು ತಾನಾಗಿ ಕಡಿತವಾಗಲು ಕೊಡುವ ಒಪ್ಪಿಗೆ) ಕೊಡುವಾಗ ಅದರಲ್ಲಿ ಗರಿಷ್ಠ ಮೊತ್ತ ಬರೆದಿರುತ್ತದೆ, ಅದನ್ನು ದಾಟಿ ಎಳೆಯಲು ಆಗುವುದಿಲ್ಲ. ಇಲ್ಲಿ ಹಾಗಲ್ಲ. ಡೈರೆಕ್ಟ್ ಡೆಬಿಟ್ಟಿಗೆ ಸಹಿ ಹಾಕಿದಾಗ ಮೊತ್ತಕ್ಕೆ ಮಿತಿಯೇ ಇರುವುದಿಲ್ಲ, ಎಷ್ಟು ಬೇಕಾದರೂ ಬದಲಾಗಬಹುದು. ಅದಕ್ಕೆ ಬದಲಾಗಿ ಇರುವ ಕಾವಲು ಎಂದರೆ ಮುಂಚಿತ ಸೂಚನೆ. ಮೊತ್ತವಾಗಲೀ ದಿನಾಂಕವಾಗಲೀ ಬದಲಾಗುವುದಿದ್ದರೆ ಕಂಪನಿ ಮೊದಲೇ ತಿಳಿಸಬೇಕು, ಸಾಮಾನ್ಯವಾಗಿ 10 ಕೆಲಸದ ದಿನ ಮುಂಚೆ. ಒಪ್ಪಂದದಲ್ಲಿ ಬೇರೆ ಅವಧಿ ಬರೆದಿದ್ದರೆ ಅದು.

ಹಾಗಾಗಿ ನಿಮ್ಮ ಮೊದಲ ಕೆಲಸ ಈಮೇಲ್ ಹುಡುಕುವುದು. ಸ್ಪ್ಯಾಮ್ ಫೋಲ್ಡರ್ ನೋಡಿ, ಕಂಪನಿಯ ಆ್ಯಪ್‌ನ ಒಳಗಿನ ಮೆಸೇಜುಗಳನ್ನೂ ನೋಡಿ. ಏನೂ ಬಂದಿಲ್ಲ, ಅಥವಾ ಬಂದದ್ದರಲ್ಲಿ 96 ಅಂತ ಇದ್ದು 412 ತೆಗೆದಿದ್ದಾರೆ ಅಂದರೆ ನಿಮ್ಮ ಪಕ್ಷ ಗಟ್ಟಿ. ಬ್ಯಾಂಕಿಗೆ ಫೋನ್ ಮಾಡಿ, ಅಥವಾ ಆ್ಯಪ್‌ನ ಚಾಟ್‌ನಲ್ಲಿ ಬರೆಯಿರಿ: ಡೈರೆಕ್ಟ್ ಡೆಬಿಟ್ ಗ್ಯಾರಂಟಿ ಅಡಿಯಲ್ಲಿ ಕ್ಲೈಮ್ ಮಾಡುತ್ತಿದ್ದೇನೆ, ಈ ತಾರೀಕು, ಈ ಮೊತ್ತ, ನನಗೆ ಸೂಚನೆ ಬಂದಿಲ್ಲ. ಬ್ಯಾಂಕಿನವರು ಇದನ್ನು ಇಂಡೆಮ್ನಿಟಿ ಕ್ಲೈಮ್ ಅಂತಾರೆ, ಆ ಹೆಸರು ಹೇಳಿದರೆ ಫೋನ್ ಎತ್ತಿದವರಿಗೂ ಬೇಗ ಅರ್ಥವಾಗುತ್ತದೆ. ಮೊದಲು ಕಂಪನಿಯ ಹತ್ತಿರ ಮಾತಾಡಿ ಬನ್ನಿ ಅಂತ ಕೆಲವರು ಸಾಗಹಾಕಲು ನೋಡುತ್ತಾರೆ. ಆಗಲೇ ಮಾತಾಡಿದ್ದೇನೆ, ಗ್ಯಾರಂಟಿ ಪ್ರಕಾರ ಹಣ ಕೊಡಬೇಕಾದದ್ದು ನೀವು ಅಂತ ಮೆತ್ತಗೆ, ಆದರೆ ಬಿಡದೆ ಹೇಳಿ. ನಾನು ಜಿಮ್ ಬಿಟ್ಟ ಮೇಲೂ ಅವರು ತಿಂಗಳ ಹಣ ತೆಗೆದಿದ್ದರು, ನಾನು ಕೇಳಿದಾಗ ಬ್ಯಾಂಕಿನವರು ಅದೇ ದಿನ ಖಾತೆಗೆ ಹಾಕಿದರು. ನಮ್ಮ ಇಂಗ್ಲಿಷ್ ಉಚ್ಚಾರ ಹೇಗೋ ಏನೋ ಅಂತ ಹಿಂಜರಿಯಬೇಡಿ. ಇದು ನಿಮ್ಮ ಹಕ್ಕು, ಅವರು ಮಾಡುವ ಉಪಕಾರ ಅಲ್ಲ.

ಆದರೆ 412 ತೆಗೆಯುತ್ತೇವೆ ಅಂತ ಸೂಚನೆ ಮೊದಲೇ ಸರಿಯಾಗಿ ಬಂದಿದ್ದು ನೀವು ನೋಡಿಲ್ಲ ಅಂದರೆ ಕಥೆ ಬೇರೆ. ಆಗ ಹೇಳಿದ ಮೊತ್ತವನ್ನೇ ಹೇಳಿದ ದಿನ ತೆಗೆದಿದ್ದಾರೆ, ಅಂದರೆ ಹಣ ತೆಗೆದದ್ದರಲ್ಲಿ ತಪ್ಪಿಲ್ಲ, ಬಿಲ್ಲಿನಲ್ಲಿ ತಪ್ಪಿರಬಹುದು. ಬಿಲ್ಲಿನ ಜಗಳಕ್ಕೆ ಈ ಗ್ಯಾರಂಟಿ ಬರುವುದಿಲ್ಲ, ಅದನ್ನು ಕಂಪನಿಯ ಜೊತೆಗೇ ಮುಗಿಸಬೇಕು. ಇನ್ನೊಂದು ಮಾತು: ಬ್ಯಾಂಕು ಹಣ ಕೊಟ್ಟ ಮೇಲೆ, ಅದು ನಿಜವಾಗಿ ನೀವು ಕೊಡಬೇಕಾದದ್ದೇ ಅಂತಾದರೆ ಕಂಪನಿ ವಾಪಸ್ ಕೇಳಬಹುದು, ಕೊಡಲೇಬೇಕು. ಹಾಗಾಗಿ ಬಂದ ಹಣ ಪೂರ್ತಿ ಖರ್ಚು ಮಾಡಬೇಡಿ.

ಅದಕ್ಕೇ ಮೀಟರ್ ನೋಡಿ ಅನ್ನುತ್ತಿದ್ದೇನೆ. ಬಾಡಿಗೆ ಮನೆಗೆ ಹೊಸದಾಗಿ ಬಂದವರ ಬಿಲ್ಲು ಹೀಗೆ ಹಾರಿದರೆ ನನಗೆ ಮೊದಲು ಅನುಮಾನ ಬರುವುದು ಆರಂಭದ ರೀಡಿಂಗ್ ಮೇಲೆ. ನೀವು ಮನೆಗೆ ಬಂದ ದಿನದ ಅಂಕಿ ಕಂಪನಿಯ ಹತ್ತಿರ ಇಲ್ಲದಿದ್ದರೆ ಅವರು ಅಂದಾಜು ಹಾಕಿರುತ್ತಾರೆ, ಹಿಂದಿದ್ದ ಬಾಡಿಗೆದಾರರು ಉರಿಸಿದ್ದೂ ನಿಮ್ಮ ತಲೆಗೆ ಬಂದಿರಬಹುದು. ಬಿಲ್ಲಿನಲ್ಲಿ ರೀಡಿಂಗ್ ಪಕ್ಕ ಅದು ಅಂದಾಜೋ ನಿಜವಾದದ್ದೋ ಅಂತ ಬರೆದಿರುತ್ತದೆ. ಮನೆ ಒಪ್ಪಿಸುವಾಗ ಏಜೆಂಟ್ ಕೊಟ್ಟ ಇನ್ವೆಂಟರಿಯಲ್ಲಿ, ಅಂದರೆ ಮನೆಯ ಸಾಮಾನು-ಸ್ಥಿತಿಯ ಪಟ್ಟಿಯಲ್ಲಿ, ಆ ದಿನದ ಮೀಟರ್ ಅಂಕಿ ಇರಬೇಕು, ಅದನ್ನು ತೆಗೆಯಿರಿ, ಇವತ್ತಿನ ಅಂಕಿಯ ಫೋಟೋ ಹೊಡೆಯಿರಿ, ಎರಡನ್ನೂ ಈಮೇಲ್‌ನಲ್ಲೇ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ಆಮೇಲೆ ದಾಖಲೆ ಹುಡುಕಲು ಕಷ್ಟ. ದೂರು ಅಂತಲೇ ಬರೆಯಿರಿ. 8 ವಾರದಲ್ಲಿ ಇತ್ಯರ್ಥವಾಗದಿದ್ದರೆ, ಇಂಥ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಎನರ್ಜಿ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಬ್ಯಾಂಕಿನ ಮೇಲಿನ ದೂರಾದರೆ ಫೈನಾನ್ಷಿಯಲ್ ಒಂಬುಡ್ಸ್‌ಮನ್. ಎರಡಕ್ಕೂ ನಿಮ್ಮಿಂದ ಒಂದು ಪೆನ್ನಿಯನ್ನೂ ತೆಗೆದುಕೊಳ್ಳುವುದಿಲ್ಲ.

ಈಗ ರದ್ದು ಮಾಡುವ ವಿಷಯ. ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದರೆ ರದ್ದಾಗುತ್ತದೆ, ಅದು ನಿಮ್ಮ ಹಕ್ಕೇ. ಆದರೆ ಹೋದ ಹಣ ಅದರಿಂದ ಬರುವುದಿಲ್ಲ, ಬಾಕಿಯೂ ಹೋಗುವುದಿಲ್ಲ. ಮುಂದಿನ ತಿಂಗಳ 96 ಕಟ್ಟದೆ ಉಳಿದರೆ ಅದು ನಿಮ್ಮ ಕ್ರೆಡಿಟ್ ಫೈಲಿನಲ್ಲಿ (ನೀವು ಸಾಲ, ಬಿಲ್ಲು ಹೇಗೆ ಕಟ್ಟಿದ್ದೀರಿ ಅನ್ನುವ ದಾಖಲೆಯಲ್ಲಿ) ಕಾಣಬಹುದು, ಇಲ್ಲಿ ಅಂಥ ಗುರುತು 6 ವರ್ಷ ಉಳಿಯುತ್ತದೆ. ನಿಮಗೆ ಇನ್ನೂ ಹೊಸ ಫೈಲು. ಮುಂದೆ ಫೋನ್ ಕಾಂಟ್ರ್ಯಾಕ್ಟು, ಮನೆ ಸಾಲ ಎಲ್ಲಕ್ಕೂ ಅದನ್ನೇ ನೋಡುತ್ತಾರೆ, ಸುಮ್ನೆ ಯಾಕೆ ಹಾಳು ಮಾಡಿಕೊಳ್ಳುತ್ತೀರಿ? ಕಂಪನಿಯವರು ಮತ್ತೆ ದೊಡ್ಡ ಮೊತ್ತ ಎಳೆಯುತ್ತೇವೆ ಅಂತ ಬರೆದು, ನಿಮ್ಮ ಮಾತು ಕೇಳದಿದ್ದರೆ ಮಾತ್ರ ರದ್ದು ಮಾಡಿ. ಆಗಲೂ ಮಾಮೂಲಿ ಮೊತ್ತವನ್ನು ನೀವೇ ಕಳಿಸುತ್ತಿರಿ, ಅವರಿಗೂ ಬರೆದು ತಿಳಿಸಿ.

ಜಿಮ್ಮು, ಚಂದಾ ಇಂಥವುಗಳಲ್ಲಿ ಕೆಲವು ಡೆಬಿಟ್ ಕಾರ್ಡ್ ನಂಬರ್ ಮೇಲೆ ಪ್ರತಿ ತಿಂಗಳು ಹೋಗುತ್ತವೆ. ಅವು ಡೈರೆಕ್ಟ್ ಡೆಬಿಟ್ ಅಲ್ಲ, ಈ ಗ್ಯಾರಂಟಿ ಅವಕ್ಕಿಲ್ಲ. ಅವನ್ನೂ ನಿಲ್ಲಿಸಿ ಅಂತ ಬ್ಯಾಂಕಿಗೆ ಹೇಳಬಹುದು, ಆದರೆ ಆ್ಯಪ್‌ನ ಡೈರೆಕ್ಟ್ ಡೆಬಿಟ್ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ದಯವಿಟ್ಟು ಇದೊಂದನ್ನು ಗಮನದಲ್ಲಿಡಿ. ನಿಮ್ಮ ರಿಫಂಡ್ ಬಂದಿದೆ, ಕೋಡ್ ಹೇಳಿ ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. 159ಕ್ಕೆ ಫೋನ್ ಮಾಡಿದರೆ ನಿಮ್ಮ ಬ್ಯಾಂಕಿಗೇ ಸೇರುತ್ತದೆ, ಹೆಚ್ಚಿನ ದೊಡ್ಡ ಬ್ಯಾಂಕುಗಳು ಅದರಲ್ಲಿವೆ. ಇಲ್ಲದಿದ್ದರೆ ಕಾರ್ಡಿನ ಹಿಂದಿರುವ ನಂಬರು.

ಬಾಡಿಗೆ ದಿನಕ್ಕೆ ಹಣ ಬರುವುದು ಅನುಮಾನ ಅನಿಸಿದರೆ ಏಜೆಂಟ್‌ಗೆ ಇವತ್ತೇ ಒಂದು ಈಮೇಲ್ ಹಾಕಿ, ಕ್ಲೈಮ್ ಮಾಡಿದ ವಿವರ ಸೇರಿಸಿ ಎರಡು ಮೂರು ದಿನ ಕೇಳಿ. ತಡವಾದ ಮೇಲೆ ಕಾರಣ ಹೇಳುವುದಕ್ಕಿಂತ ಅದು ಎಷ್ಟೋ ಮೇಲು. ಇನ್ವೆಂಟರಿಯ ಅಂಕಿ ಮತ್ತು ಬಿಲ್ಲಿನಲ್ಲಿರುವ ಆರಂಭದ ಅಂಕಿ ಎರಡನ್ನೂ ಇಲ್ಲಿ ಬರೆಯಿರಿ, ಖಾತೆ ನಂಬರ್ ಮಾತ್ರ ಹಾಕಬೇಡಿ. ಕಂಪನಿಗೆ ಕಳಿಸುವ ದೂರನ್ನು ಹೇಗೆ ಬರೆಯಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.